ಏಣಿಗೆ ಕೆಲಸ, ಅಪ್ಪನಿಗೆ ರಜ

“ಏಮಾ! ಏಣಿ ಎಲ್ಲಮ್ಮಿ?”

ಬೀದಿಯಿಂದಲೇ ಕೂಗಿದವನು ಸೋಮಯ್ಯ ಮಾವ. ತಲೆಗೆ ಗೊಬ್ಬರದ ಚೀಲದ ಕೊಪ್ಪೆ, ಕಂಕುಳಲ್ಲಿ ಎರಡು ಹೆಂಚು. ಜಿಟಿಜಿಟಿ ಮಳೆ ಅವನ ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು.

ಹೇಮ ಜಗುಲಿಯ ಮೇಲೆ ಕೂತು ಹದಿಮೂರರ ಮಗ್ಗಿ ಬರೆಯುತ್ತಿದ್ದಳು. ಊರಿನವರ ಬಾಯಲ್ಲಿ ಹೇಮ ಯಾವತ್ತೂ ಏಮ. ಅದು ಅವಳಿಗೆ ಎಷ್ಟು ರೂಢಿಯಾಗಿತ್ತು ಅಂದರೆ, ಸ್ಕೂಲಲ್ಲಿ ಮೇಷ್ಟ್ರು ‘ಹೇಮ’ ಅಂತ ಹಾಜರಿ ಕೂಗಿದರೆ ಬೇರೆ ಯಾರನ್ನೋ ಕರೆದಂತೆ ಅನ್ನಿಸುತ್ತಿತ್ತು.

“ಏಣಿ ಇಲ್ಲ ಮಾವ. ಗಿರೀಶನ ಮನೆಯೋರು ತಕ್ಕೊಂಡೋಗವ್ರೆ.”

“ಥೋ! ನೆನ್ನೆ ಕೇಳಿದ್ರೆ ಬೀರಯ್ಯನ ಮನೇಲದೆ ಅಂದೆ. ಇವತ್ತು ಗಿರೀಶನ ಮನೆ. ನಿಮ್ಮೇಣಿಗೇನು ಕಾಲು ಬಂದವಾ?”

“ಮೊದ್ಲಿಂದ್ಲೂ ಎಲ್ಡು ಕಾಲು ಅವಲ್ಲ ಮಾವ!”

“ಮಾತು ನೋಡು ಮಾತ!” ಸೋಮಯ್ಯ ಮಾವ ಗೊಣಗುತ್ತ, ಕೆಸರಲ್ಲಿ ಪಚಕ್ ಪಚಕ್ ಅಂತ ಹೋದ.

ಜಗುಲಿಯ ಆ ತುದಿಯಲ್ಲಿ ಅಪ್ಪ ತಲೆಯ ಕೆಳಗೆ ಕೈ ಕೊಟ್ಟು ಮಲಗಿದ್ದ. ನಿದ್ದೆಯೇನೂ ಇಲ್ಲ. ಮಳೆ ನೋಡುವುದೇ ಒಂದು ಕೆಲಸ ಅನ್ನುವ ಹಾಗೆ ನೋಡುತ್ತಿದ್ದ, ಅಷ್ಟೆ.

ಹೇಮನ ಅಪ್ಪ ದೇವರಾಜು ಸುಣ್ಣ ಬಳಿಯುವವನು. ಯುಗಾದಿ ಹತ್ತಿರ ಬಂದರೆ ಅವನನ್ನು ಹಿಡಿಯೋಕೇ ಆಗುತ್ತಿರಲಿಲ್ಲ. ಆಮೇಲೆ ಮದುವೆ ಮನೆಗಳು. ಗೌರಿ ಹಬ್ಬ, ಪಕ್ಷದ ಹಬ್ಬ, ದೀಪಾವಳಿ ಬಂದರೆ ಮತ್ತೆ ಓಟ. “ಮೊದ್ಲು ನಮ್ಮನೆ, ಮೊದ್ಲು ನಮ್ಮನೆ” ಅಂತ ಜನ ಬಾಗಿಲಿಗೇ ಬಂದು ಜಗಳ ಆಡುತ್ತಿದ್ದರು.

ಆದರೆ ಆಷಾಢ ಬಂತೋ, ಮುಗೀತು. ಮದುವೆ ಇಲ್ಲ, ಹಬ್ಬ ಇಲ್ಲ, ಬಳಿದ ಸುಣ್ಣ ಒಣಗುವುದೂ ಇಲ್ಲ. ಸುಣ್ಣದ ಡ್ರಮ್ಮು ಬೋರಲಾಗಿ ಮೂಲೆ ಸೇರುತ್ತಿತ್ತು. ನಾರಿನ ಬ್ರಶ್ಶುಗಳು ಬಾವಲಿಗಳ ಹಾಗೆ ಗಳುವಿಗೆ ನೇತುಬೀಳುತ್ತಿದ್ದವು.

ಅಷ್ಟರಲ್ಲಿ ಒಂದು ಲಾರಿ ಬಂದು ಮನೆ ಮುಂದೆ ನಿಂತಿತು. ಚಿಕ್ಕಸ್ವಾಮಿ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಅವನು ಚಿನಕುರಳಿ ಕಡೆಯ ಜಲ್ಲಿ ಕ್ರಷರಿನಿಂದ ಲೋಡು ಹೊಡೆಯುವ ಡ್ರೈವರು.

“ದೇವರಾಜಣ್ಣ, ಕ್ರಷರಲ್ಲಿ ಜನ ಬೇಕಂತೆ. ಬತ್ತೀಯಾ? ಸೋಮಾರ ಬೆಳಿಗ್ಗೆ ಇಲ್ಲೇ ಹಾರನ್ ಹೊಡೀತೀನಿ.”

ಅಪ್ಪ ಎದ್ದು ಕೂತ. ಸ್ವಲ್ಪ ಹೊತ್ತು ಮಳೆ ನೋಡಿದ. “ಇನ್ನೇನ್ಲಾ ಮಾಡದು? ಬತ್ತೀನಿ ಬುಡು” ಅಂದ.

ಹೇಮನ ಪೆನ್ಸಿಲ್ಲಿನ ಮುಳ್ಳು ಪಟ್ ಅಂತ ಮುರಿಯಿತು.

ಹೋದ ವರ್ಷದ ಆಷಾಢದಲ್ಲೂ ಅಪ್ಪ ಕ್ರಷರಿಗೆ ಹೋಗಿದ್ದ. ಹೇಮ ಏಳುವ ಮುಂಚೆ ಹೋಗಿ, ಕತ್ತಲಾದ ಮೇಲೆ ಬರುತ್ತಿದ್ದ. ಮೈಯೆಲ್ಲ ಬೆಳ್ಳಗೆ. ಸುಣ್ಣ ಬಳಿದು ಬಂದಾಗಲೂ ಅಪ್ಪ ಬೆಳ್ಳಗೇ ಇರುತ್ತಾನೆ ನಿಜ, ಆದರೆ ಆ ಬಿಳುಪೇ ಬೇರೆ, ಈ ಬಿಳುಪೇ ಬೇರೆ. ಸುಣ್ಣದ ಅಪ್ಪ ಬರುವಾಗಲೇ ದಾರಿಯಿಂದ ಹಾಡು ಕೇಳುತ್ತಿತ್ತು. ಕಲ್ಲುಪುಡಿಯ ಅಪ್ಪ ಬರುವಾಗ ಕೆಮ್ಮು ಕೇಳುತ್ತಿತ್ತು. ಒಂದು ದಿನವಂತೂ ಮುದ್ದೆ ಮುರಿದು ಕೈಯಲ್ಲಿ ಹಿಡಿದುಕೊಂಡೇ ನಿದ್ದೆ ಹೋಗಿಬಿಟ್ಟಿದ್ದ.

ಹೇಮನಿಗೆ ಕಲ್ಲುಪುಡಿಯ ಅಪ್ಪ ಬೇಡವೇ ಬೇಡ.

ಮಾರನೆಯ ದಿನ ಶನಿವಾರ. ಬೆಳಗಿನ ಸ್ಕೂಲು ಮುಗಿದದ್ದೇ ಹೇಮ, ಗಿರೀಶ ಇಬ್ಬರೂ ಗಿರೀಶನ ಮನೆಯಿಂದ ಏಣಿ ಹೊತ್ತು ಹೊರಟರು. ಗಿರೀಶ ಅವಳ ಕ್ಲಾಸಿನವನೇ, ಪಕ್ಕದ ಬೀದಿಯವನು. ಮುಂದಿನ ತುದಿ ಅವನ ಹೆಗಲ ಮೇಲೆ, ಹಿಂದಿನದು ಇವಳ ಹೆಗಲ ಮೇಲೆ.

ಅದು ಉದ್ದನೆಯ ಬಿದಿರಿನ ಏಣಿ. ಮೈಮೇಲೆ ಊರಿನ ಬಣ್ಣವೆಲ್ಲ ಸಿಡಿದಿತ್ತು. ಈ ಹಸಿರು ಚುಕ್ಕೆ ಬೀರಯ್ಯನ ಮನೆಯದು, ಈ ನೀಲಿ ಹಾಲಿನ ಡೈರಿಯದು, ಈ ಕೆಮ್ಮಣ್ಣು ಗಿರೀಶನ ಚಿಕ್ಕಪ್ಪನ ಮದುವೆಯದು ಅಂತ ಹೇಮ ಕಣ್ಣು ಮುಚ್ಚಿ ಹೇಳುತ್ತಿದ್ದಳು.

“ನಿಮ್ಮನೆ ಸೋರೋದು ನಿಂತ್ಕೊಂತಾ?” ಅಂತ ಕೇಳಿದಳು.

“ಎಲ್ಲಿ ನಿಂತ್ಕತದೆ? ನಮ್ಮಪ್ಪ ಒಂದು ಎಂಚು ಹಾಕಾಕೆ ಅಂತ ಹತ್ತಿ ಮೂರು ಎಂಚು ತುಳ್ದಾಕ್ಬುಡ್ತು! ಮೊದ್ಲು ಒಂದು ಕಡೆ ಸೋರ್ತಿತ್ತು, ಈಗ ಮೂರು ಕಡೆ. ನಮ್ಮವ್ವ ಇರೋ ಬರೋ ಪಾತ್ರೆನೆಲ್ಲ ಸೋರೋ ಕಡೆ ಇಟ್ಟವ್ಳೆ. ಸಾರು ಮಾಡಾಕೆ ಪಾತ್ರೆ ಇಲ್ಲ!”

ಹೇಮನಿಗೆ ನಗು ತಡೆಯಲಿಲ್ಲ. “ನಮ್ಮಪ್ಪ ಆದ್ರೆ ಒಂದೂ ಒಡೀತಿರ್ಲಿಲ್ಲ ಕಣ್ಲಾ. ಮೇಲಿನ ಗೋಡೆಗೆ ಸುಣ್ಣ ಬಳಿಯುವಾಗ ಎಂಚಿನ ಮ್ಯಾಲೇ ಬೆಕ್ಕಿನಂಗೆ ಓಡಾಡ್ತದೆ. ಎಂಚಿನ ಕೆಳಗೆ ತೊಲೆ ಎಲ್ಲದೆ ಅಂತ ನೋಡ್ಕೊಂಡು ಅಲ್ಲೇ ಕಾಲಿಡ್ತದೆ.”

“ಬೀರಯ್ಯನ ಮನೇಲೂ ಇಂಗೇ ಆಯ್ತಂತೆ. ಈ ಏಣಿ ಓದ ಕಡೆಯೆಲ್ಲ ಎಂಚು ಒಡೆದ್ಬುಟ್ಟು ಬತ್ತದೆ.”

ಏಣಿ ಹೋದ ಕಡೆ. ಹೇಮ ಮನಸ್ಸಲ್ಲೇ ಲೆಕ್ಕ ಹಾಕಿದಳು. ಮುತ್ತಮ್ಮನ ಮನೆ, ಸೋರುತ್ತೆ ಅಂತ. ಡೈರಿ, ಅದೂ ಸೋರುತ್ತೆ ಅಂತ. ಬೀರಯ್ಯನ ಮನೆ. ಗಾಳಿಗೆ ಟಿವಿ ಆಂಟೆನಾ ತಿರುಗಿಕೊಂಡಿದೆ ಅಂತ ಮೇಷ್ಟ್ರ ಮನೆ. ಈಗ ಗಿರೀಶನ ಮನೆ.

ಅವಳು ಗಕ್ಕನೆ ನಿಂತುಬಿಟ್ಟಳು. ಮುಂದೆ ಹೋಗುತ್ತಿದ್ದ ಗಿರೀಶ ಹಿಂದಕ್ಕೆ ಎಳೆದಂತಾಗಿ ಪೊತ್ ಅಂತ ಕೆಸರಲ್ಲಿ ಕೂತ.

“ಏಯ್, ಹೇಳ್ಬುಟ್ಟು ನಿಂತ್ಕೊಳಾಕಿಲ್ವಾ?”

“ಗಿರೀಶ, ಏಣಿಗೆ ಒಂದಿನಾನೂ ರಜ ಇಲ್ಲ ಕಣ್ಲಾ!”

“ಅದ್ಕೆ?”

“ಅಪ್ಪಂಗೆ ಮಾತ್ರ ರಜ! ಏಣಿಗೆ ಕೆಲಸ ಅದೆ, ಅಪ್ಪಂಗೆ ಇಲ್ಲ. ಅದೆಂಗ್ಲಾ? ಏಣಿ ಓದ ಕಡೆ ಅಪ್ಪನೂ ಓದ್ರೆ?”

ಗಿರೀಶ ಚಡ್ಡಿ ಕೊಡವಿಕೊಂಡು ಎದ್ದ. ಅವನ ಕಣ್ಣೂ ಅಗಲವಾಯಿತು. “ಟಿವೀಲಿ ಬತ್ತದಲ್ಲ, ಸೋಪಿನ ಪುಡಿ ತಕ್ಕೊಂಡ್ರೆ ಬಕೆಟ್ ಫ್ರೀ ಅಂತ. ಅಂಗೆ ಏಣಿ ತಕ್ಕೊಂಡ್ರೆ ನಿಮ್ಮಪ್ಪ ಫ್ರೀ!”

“ಫ್ರೀ ಯಾಕ್ಲಾ? ಏಣಿ ಬೇಕಾದ್ರೆ ಫ್ರೀ. ಅಪ್ಪಂಗೆ ಕೂಲಿ ಕೊಡ್ಬೇಕು.”

ಏಣಿಯನ್ನು ಗೋಡೆಗೆ ಒರಗಿಸಿ ಇನ್ನೂ ಉಸಿರು ಬಿಟ್ಟಿರಲಿಲ್ಲ, ಸೋಮಯ್ಯ ಮಾವ ಹಾಜರು. “ಬಂದ್ಬುಡ್ತಾ! ಎತ್ತು ಎತ್ತು, ಮಳೆ ಬಿಟ್ಟದೆ.”

ಅಪ್ಪ ಟೀ ಅಂಗಡಿ ಕಡೆ ಹೋಗಿದ್ದ. ಅವ್ವ ಕಳೆ ಕೀಳೋಕೆ ಹೋಗಿದ್ದಳು. ಹೇಮ ಏಣಿಗೆ ಅಡ್ಡ ನಿಂತಳು.

“ಇನ್ಮ್ಯಾಲೆ ಏಣಿ ಒಂದೇ ಕೊಡಾಕಿಲ್ಲ ಮಾವ. ಅಪ್ಪನ್ನೂ ಕರ್ಕೊಂಡೋಗ್ಬೇಕು. ಕೂಲಿ ಕೊಡ್ಬೇಕು.”

“ಎಲೆಲೆಲೇ!” ಸೋಮಯ್ಯ ಮಾವ ಸೊಂಟದ ಮೇಲೆ ಕೈ ಇಟ್ಟ. “ಈಟುದ್ದ ಇದ್ದೀಯ, ಏಣಿಗೂ ರೂಲ್ಸಾ? ನಿಮ್ಮಪ್ಪ ಸುಣ್ಣ ಬಳಿಯೋನು, ಎಂಚಿನ ಸುದ್ದಿ ಅವನಿಗೇನಮ್ಮಿ ಗೊತ್ತು? ಇಟ್ಕೊ ನಿಮ್ಮೇಣಿಯ! ನಮ್ಮನೆ ಡ್ರಮ್ ಮ್ಯಾಲೆ ಡ್ರಮ್ ಇಟ್ಟು ಹತ್ತೀನಿ.”

ಹೇಮ ಅಲುಗಲಿಲ್ಲ. ಎರಡೂ ಕೈ ಹಿಂದೆ ಹಾಕಿ ಏಣಿಯ ಮೆಟ್ಟಿಲು ಹಿಡಿದುಕೊಂಡಳು.

ಆಮೇಲೆ ಬಂದವಳು ಬೆಟ್ಟಜ್ಜಿ. ಬೆಟ್ಟಮ್ಮ ಅಂತ ಹೆಸರು, ಎಲ್ಲರಿಗೂ ಬೆಟ್ಟಜ್ಜಿ. ಹಿಂದಿನ ಬೀದಿಯ ಪುಟ್ಟ ಹೆಂಚಿನ ಮನೆಯಲ್ಲಿ ಒಂದು ಕೋಳಿ ಸಾಕಿಕೊಂಡು ಇದ್ದಳು. ಹೇಮ ಚಿಕ್ಕವಳಾಗಿದ್ದಾಗ ದಿನಾ ಅವಳ ಮಡಿಲಲ್ಲೇ ಮಲಗುತ್ತಿದ್ದಳಂತೆ.

“ಮಗಾ, ಏಣಿ ಬಂತಾ? ಗಿರೀಶನ್ನ ಹತ್ತಿಸಿ ಒಂದು ಎಂಚು ಸರಿ ಮಾಡಿಸ್ಕತೀನಿ ಕಣವ್ವ. ಹಾಸಿಗೆ ಮ್ಯಾಲೇ ಸೋರ್ತದೆ.”

ಹೇಮನ ನಾಲಿಗೆ ಒಂದು ಕ್ಷಣ ತಡೆಯಿತು. ಆದರೆ ಸೋಮಯ್ಯ ಮಾವನಿಗೆ ಹೇಳಿ ಆಗಿದೆಯಲ್ಲ. ಒಬ್ಬರಿಗೊಂದು, ಇನ್ನೊಬ್ಬರಿಗೊಂದು ಹೇಳೋಕಾಗುತ್ತಾ?

“ಏಣಿ ಒಂದೇ ಕೊಡಾಕಿಲ್ಲ ಅಜ್ಜಿ” ಅಂದಳು. “ಅಪ್ಪನ್ನೂ ಕರೀಬೇಕು. ಕೂಲಿನೂ ಕೊಡ್ಬೇಕು.”

ಬೆಟ್ಟಜ್ಜಿ ಬೈಯಲಿಲ್ಲ. ಏಣಿಯನ್ನು ನೋಡಿದಳು. ಹೇಮನನ್ನು ನೋಡಿದಳು. “ಅಂಗಾ? ಆಯ್ತು ಬುಡವ್ವ” ಅಂದು ತಿರುಗಿ ಹೊರಟಳು. ಸೋಮಯ್ಯ ಮಾವನ ಹಾಗೆ ಕೂಗಾಡಿದ್ದರೇ ಚೆನ್ನಾಗಿತ್ತು ಅಂತ ಹೇಮನಿಗೆ ಅನ್ನಿಸಿತು.

ಸುದ್ದಿ ಬೋರ್‌ವೆಲ್ ಹತ್ತಿರ ತಲುಪೋಕೆ ಎಷ್ಟು ಹೊತ್ತು ಬೇಕು? ಅವ್ವ ಬಿಂದಿಗೆ ಇಳಿಸುವ ಮೊದಲೇ ಶುರುಮಾಡಿದಳು.

“ದೇವರಾಜನ ಮನೇಲಿ ಏಣಿ ಕೊಡಾಕಿಲ್ವಂತಲ್ಲ ಅಂತ ನೀರಿಗೆ ಬಂದೋರೆಲ್ಲ ಕೇಳ್ತಾವ್ರೆ! ಏನಮ್ಮಿ ಅಂದೆ ನೀನು? ನಾಳೆ ನಾವು ಹಾಲಿಗೆ ಎಪ್ಪಾಕಾಕೆ ಮಜ್ಜಿಗೆ ಕೇಳಿದ್ರೆ ಯಾರು ಕೊಡ್ತಾರೆ?”

ಅಪ್ಪನೂ ಬಂದ. ಹೇಮ ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದಳು. ಏಣಿಯ ರಜದ ಲೆಕ್ಕ, ಕ್ರಷರು, ಕೆಮ್ಮು, ಮುದ್ದೆ ಹಿಡಿದುಕೊಂಡು ನಿದ್ದೆ ಹೋದದ್ದು, ಎಲ್ಲ ಒಂದೇ ಉಸಿರಲ್ಲಿ.

ಅಪ್ಪನಿಗೆ ಸಿಟ್ಟು ಬಂದಿತ್ತೋ ನಗು ಬಂದಿತ್ತೋ ಗೊತ್ತಾಗಲಿಲ್ಲ. ಒಂದನ್ನು ಮಾತ್ರ ಕೇಳಿದ.

“ಬೆಟ್ಟಜ್ಜಿಗೂ ಅಂದ್ಯಾ?”

ಹೇಮ ಹೂಂ ಅಂದಳು. ಅಷ್ಟು ಮೆಲ್ಲಗೆ ಅವಳು ಯಾವತ್ತೂ ಮಾತಾಡಿರಲಿಲ್ಲ.

ಆಗಲೇ ಮಳೆ ಧೋ ಅಂತ ಹಿಡಿಯಿತು. ಅಪ್ಪ ಏಣಿ ಎತ್ತಿ ಹೆಗಲ ಮೇಲೆ ಹಾಕಿಕೊಂಡ. “ಬಾ” ಅಂದ. ಹೇಮ ಚೀಲದ ಕೊಪ್ಪೆ ಹಾಕಿಕೊಂಡು ಹಿಂದೆಯೇ ಓಡಿದಳು. ದಾರಿಯಲ್ಲಿ ಗಿರೀಶನೂ ಸೇರಿಕೊಂಡ. ಮಳೆಯಲ್ಲಿ ಏಣಿ ಎಲ್ಲಿಗೆ ಹೋಗುತ್ತಿದೆ ಅಂತ ನೋಡದೆ ಇರುವ ಹುಡುಗನೇ ಅಲ್ಲ ಅವನು.

ಬೆಟ್ಟಜ್ಜಿಯ ಮನೆ ಒಳಗೆ ದೊಡ್ಡ ಸಂಗೀತ ಕಚೇರಿಯೇ ನಡೆದಿತ್ತು. ಬಾಂಡ್ಲಿಯಲ್ಲಿ ಟಣ್, ತಪ್ಪಲೆಯಲ್ಲಿ ಟೊಣ್, ಮಡಕೆಯಲ್ಲಿ ಬುಳುಕ್. ಹಾಸಿಗೆ ಸುತ್ತಿ ಒರಳುಕಲ್ಲಿನ ಮೇಲಿಟ್ಟು, ಅದರ ಪಕ್ಕದಲ್ಲಿ ಅಜ್ಜಿ ಕೂತಿದ್ದಳು. ಅಜ್ಜಿಯ ಪಕ್ಕದಲ್ಲಿ ಕೋಳಿ.

“ಅಯ್ಯೋ ಸಿವನೆ, ಈ ಮಳೇಲಿ ಯಾಕ್ಲಾ ಬಂದೆ ದೇವರಾಜು?”

“ಸುಮ್ಕಿರಜ್ಜಿ” ಅಂದ ಅಪ್ಪ.

ಮಳೆ ಸ್ವಲ್ಪ ಕಮ್ಮಿಯಾಯಿತು. ಅಪ್ಪ ಏಣಿ ಇಟ್ಟು, “ಕಾಲು ಹಿಡ್ಕೊಳಿ” ಅಂದ. ಹೇಮ ಒಂದು ಕಾಲು, ಗಿರೀಶ ಒಂದು ಕಾಲು ಹಿಡಿದರು. ಅಜ್ಜಿ ಗೋಡೆ ಬದಿಗೆ ಜೋಡಿಸಿಟ್ಟಿದ್ದ ಹೆಂಚುಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅಪ್ಪ ಬರಿಗಾಲಲ್ಲಿ ಹತ್ತಿದ.

“ಸೋರೆ ಬಳ್ಳಿ ತುಳಿದ್ಬುಟ್ಟೀಯ ಕಣಪ್ಪ!” ಅಂತ ಅಜ್ಜಿ ಒಳಗಿನಿಂದಲೇ ಕೂಗಿದಳು. “ಈಗ ಈಚು ಬುಟ್ಟದೆ!” ಹೆಂಚಿನ ಮೇಲೆ ಹಬ್ಬಿದ್ದ ಬಳ್ಳಿಯಲ್ಲಿ ಬೆರಳುದ್ದದ ಒಂದು ಸೋರೆಕಾಯಿ ತೂಗುತ್ತಿತ್ತು.

ಸ್ವಲ್ಪ ಹೊತ್ತಾಯಿತು. ಮೇಲೆ ಅಪ್ಪ ಓಡಾಡುವ ಸದ್ದೇ ಇಲ್ಲ.

“ಏನಾಯ್ತಪ್ಪ?”

“ಯಾವುದೂಂತ ಗೊತ್ತಾಯ್ತಿಲ್ಲ ಕಣಮ್ಮಿ! ಪಾಚಿ ಕಟ್ಕೊಂಡು ಎಲ್ಲಾ ಒಂದೇ ತರ ಕಾಣ್ತವೆ. ಒಡೆದಿರೋದು ಯಾವುದು, ಒಡೀದೆ ಇರೋದು ಯಾವುದು...”

ಹೇಮನಿಗೆ ಥಟ್ಟನೆ ಮೇಷ್ಟ್ರ ಮನೆಯ ಆಂಟೆನಾ ನೆನಪಾಯಿತು. ಭಾನುವಾರ ಸಿನಿಮಾ ಶುರುವಾಗುವ ಹೊತ್ತಿಗೆ ಒಬ್ಬರು ಮೇಲೆ ಹತ್ತಿ ತಿರುಗಿಸುತ್ತಾರೆ. ಅವರಿಗೆ ಟಿವಿ ಕಾಣುವುದಿಲ್ಲ. ಒಳಗಿದ್ದವರು “ಬಂತು, ಬಂತು, ಓಯ್ತು, ಆ ಕಡೆ!” ಅಂತ ಕೂಗುತ್ತಾರೆ.

“ಗಿರೀಶ, ಎರಡೂ ಕಾಲು ನೀನೇ ಹಿಡ್ಕೊ” ಅಂದವಳೇ ಒಳಗೆ ಓಡಿದಳು.

ಒಳಗೆ ಮಬ್ಬು. ಕತ್ತೆತ್ತಿ ನೋಡಿದಳು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ಕಪ್ಪು ಹೆಂಚಿನ ಮಾಡಿನಲ್ಲಿ ಸಾಸಿವೆಯಷ್ಟು ಬೆಳಕು. ಅಲ್ಲೊಂದು. ಓ ಅಲ್ಲಿ ಇನ್ನೊಂದು! ನೀರು ಮಾತ್ರ ತೂತಿನ ಕೆಳಗೇ ಬೀಳುತ್ತಿರಲಿಲ್ಲ. ಮಾಡಿನ ತೊಲೆಯ ಗುಂಟ ಜಾರಿಕೊಂಡು ಬಂದು, ಎಲ್ಲೋ ದೂರದಲ್ಲಿ ಅಜ್ಜಿಯ ಹಾಸಿಗೆಯ ಜಾಗಕ್ಕೆ ತೊಟ್ಟಿಕ್ಕುತ್ತಿತ್ತು.

ಹೇಮ ಮೂಲೆಯಲ್ಲಿದ್ದ ಉದ್ದನೆಯ ಕೋಲು ತೆಗೆದುಕೊಂಡು ತೂತಿನ ಪಕ್ಕಕ್ಕೆ ಮೆಲ್ಲಗೆ ಬಡಿದಳು. ಟಕ್ ಟಕ್.

“ಅಪ್ಪಾ, ಇಲ್ಲಿ!”

“ಎಲ್ಲಿ? ಇದಾ?”

“ಅಲ್ಲ, ಈ ಕಡೆ! ಇನ್ನೂ ಈ ಕಡೆ! ಓಯ್ತು, ದಾಟ್ಬುಟ್ಟೆ! ಬಾ ಬಾ ಬಾ... ಬಂತು!”

ಹೆಂಚು ಸರಿದ ಸದ್ದು. ಒಂದು ಗಳಿಗೆ ಮನೆಯೊಳಗೆ ಆಕಾಶವೇ ಇಣುಕಿತು, ಜೊತೆಗೆ ಅಪ್ಪನ ಮುಖ. ಆಮೇಲೆ ಬೇರೆ ಹೆಂಚು ಕೂತಿತು, ಆಕಾಶ ಮುಚ್ಚಿಕೊಂಡಿತು.

“ಇನ್ನೊಂದು ಎಲ್ಲಮ್ಮಿ?”

ಟಕ್ ಟಕ್. “ಇಲ್ಲಿ!”

ಹೀಗೆ ಒಂದಾದ ಮೇಲೊಂದು. ಬಾಂಡ್ಲಿಯ ಟಣ್ ನಿಂತಿತು. ತಪ್ಪಲೆಯ ಟೊಣ್ ನಿಂತಿತು. ಮಡಕೆ ಕಡೆಯದಾಗಿ ಬುಳುಕ್ ಅಂದು ಸುಮ್ಮನಾಯಿತು. ಕೋಳಿ ಕೂಡ ಕತ್ತು ಓರೆ ಮಾಡಿ, ಇದೇನಿದು ಇಷ್ಟು ನಿಶ್ಶಬ್ದ ಅನ್ನುವಂತೆ ನೋಡಿತು.

ಹೇಮ ಅಜ್ಜಿಯ ಪಕ್ಕ ಹೋಗಿ ಕೂತಳು. “ಅಜ್ಜಿ, ಆಗ ನಾನು ಅಂಗಂದಿದ್ದು...”

“ಏನಂದೆ? ಏಣಿ ಬೇಕಾದ್ರೆ ನಿಮ್ಮಪ್ಪನೂ ಬತ್ತಾನೆ ಅಂದೆ. ಬಂದ್ನಲ್ಲ!” ಬೆಟ್ಟಜ್ಜಿ ಬೊಚ್ಚು ಬಾಯಿ ತುಂಬ ನಕ್ಕಳು. “ಅಂದಂಗೇ ಮಾಡ್ದೆ ಕಣವ್ವ ನೀನು.”

ಹೇಮ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ಹೊರಟಾಗ ಅಜ್ಜಿ ಒಂದು ದೊಡ್ಡ ಹಲಸಿನ ಹಣ್ಣು ಎತ್ತಿ ಕೊಟ್ಟಳು. ಅಪ್ಪ ಬೇಡ ಅಂದ. ಗಿರೀಶ ಬೇಕು ಅಂದ. ಅಜ್ಜಿ ಗಿರೀಶನ ಮಾತನ್ನೇ ಕೇಳಿದಳು.

ದಾರಿಯಲ್ಲಿ ಅಪ್ಪ ಏಣಿಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡ. ಆಮೇಲೆ, “ಏಣಿ ಎಲ್ಲೆಲ್ಲಿಗೆ ಓಗಿತ್ತು ಅಂದೆ?” ಅಂತ ಕೇಳಿದ.

ಹೇಮ ಮತ್ತೆ ಹೇಳಿದಳು. ಮುತ್ತಮ್ಮನ ಮನೆ, ಡೈರಿ, ಬೀರಯ್ಯನ ಮನೆ, ಮೇಷ್ಟ್ರ ಮನೆ...

“ನಾನು ಜಗುಲಿ ಮ್ಯಾಲೆ ಬಿದ್ಕೊಂಡು ಮಳೆ ನೋಡ್ತಿದ್ನಲ್ಲ” ಅಂದ ಅಪ್ಪ. ತನಗೇ ಹೇಳಿಕೊಂಡ ಹಾಗಿತ್ತು.

ತಿರುವಿನಲ್ಲಿ ಸೋಮಯ್ಯ ಮಾವ ಎದುರಾದ. ಅಂಗಿಯಿಂದ ಪಂಚೆ ತನಕ ಸಗಣಿಯ ಹಸಿರು. ಡ್ರಮ್ಮಿನ ಮೇಲಿನ ಡ್ರಮ್ಮು ಉರುಳಿ, ಮಾವ ನೆಟ್ಟಗೆ ತಿಪ್ಪೆಗೆ ಇಳಿದಿದ್ದ. ಗಿರೀಶ ಹಲಸಿನ ಹಣ್ಣಿನ ಹಿಂದೆ ಮುಖ ಬಚ್ಚಿಟ್ಟುಕೊಂಡು ನಕ್ಕ.

“ನಗ್ರಪ್ಪ ನಗ್ರಿ” ಅಂದ ಮಾವ. ಆಮೇಲೆ ಕೆಮ್ಮಿ ಗಂಟಲು ಸರಿಮಾಡಿಕೊಂಡ. “ದೇವರಾಜು, ನಾಳೆ ನಮ್ಮನೆ ಕಡೆ ಬತ್ತೀಯೇನ್ಲಾ? ಏಣಿ ತಕ್ಕೊಂಡು. ನಿನ್ನ ಕೂಲಿ ನಾನೇನು ಇಟ್ಕಳಾಕಿಲ್ಲ. ಆ ನಿನ್ನ ಮಗಳ್ನೂ ಕರ್ಕೊಂಡು ಬಾ. ಕೋಲಲ್ಲಿ ಅದೇನೋ ಟಕ್ ಟಕ್ ಅಂತಾಳಂತಲ್ಲ.”

ಭಾನುವಾರ ಸೋಮಯ್ಯ ಮಾವನ ಮನೆ ಆಯಿತು. ಸಿನಿಮಾ ಶುರುವಾಗುವ ಮೊದಲು ಮೇಷ್ಟ್ರ ಮನೆಯ ಆಂಟೆನಾನೂ ಆಯಿತು. ಅಷ್ಟರಲ್ಲಿ ಗಿರೀಶನ ಅವ್ವ ಬಂದು, “ನಮ್ಮನೇಗ್ ಯಾವಾಗ? ಸಾರಿಲ್ದೆ ಸಾಯ್ತಾ ಇವ್ನಿ!” ಅಂದಳು.

ಸೋಮವಾರ ಬೆಳಿಗ್ಗೆ ಲಾರಿ ಪೋಂಯ್ ಪೋಂಯ್ ಅಂತ ಹಾರನ್ ಹೊಡೆದಾಗ ಹೇಮ ಜಡೆ ಹಾಕಿಸಿಕೊಳ್ಳುತ್ತಿದ್ದಳು. ಅರ್ಧ ಜಡೆಯಲ್ಲೇ ಬೀದಿಗೆ ಓಡಿದಳು.

“ಎಲ್ಲಮ್ಮಿ ನಿಮ್ಮಪ್ಪ?” ಅಂದ ಚಿಕ್ಕಸ್ವಾಮಿ.

ಹೇಮ ಕೈಯೆತ್ತಿ ಗಿರೀಶನ ಮನೆಯ ಮಾಡು ತೋರಿಸಿದಳು. ಅಲ್ಲಿ ಅಪ್ಪ ತಲೆಗೆ ಟವೆಲ್ ಸುತ್ತಿ, ಹೆಂಚಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ.

“ದೇವರಾಜಣ್ಣ! ಟೈಮಾಯ್ತು ಇಳಿ!”

“ಈಗ ಬರಾಕಾಯ್ತಿಲ್ಲ ಕಣ್ಲಾ ಚಿಕ್ಕಸ್ವಾಮಿ! ಎಂಚಿನ ಕೆಲಸ ಅದೆ!”

“ಮಳೆಗಾಲ ಮುಗುದ್ ಮ್ಯಾಲೆ ಏನ್ ಮಾಡ್ತೀಯ? ಆಗ ಬತ್ತೀನಿ ಅಂದ್ರೆ ಕ್ರಷರಲ್ಲಿ ಜಾಗ ಇರಾಕಿಲ್ಲ ನೋಡು!”

“ಆಗ ಸುಣ್ಣ ಕಣ್ಲಾ!” ಅಂತ ಅಪ್ಪ ನಕ್ಕ. ಲಾರಿ ಹೊಗೆ ಬಿಟ್ಟುಕೊಂಡು ಹೋಯಿತು. ಮಾಡಿನ ಮೇಲಿಂದ ಹಾಡು ಕೇಳತೊಡಗಿತು. ಸುಣ್ಣದ ಕಾಲದ ಹಾಡೇ.

ಆಷಾಢ ಮುಗಿದು ಶ್ರಾವಣ ಬಂತು. ಒಂದು ದಿನ ಬಿಸಿಲು ಬಿದ್ದಿತ್ತು. ಹೇಮ ಸ್ಕೂಲಿಂದ ಬಂದಾಗ ಏಣಿ ಗೋಡೆಗೆ ಒರಗಿಕೊಂಡು ಒಣಗುತ್ತಿತ್ತು. ಗೌರಿ ಹಬ್ಬಕ್ಕೆ ಆಗಲೇ ನಾಲ್ಕು ಮನೆಯವರು ಹೇಳಿಬಿಟ್ಟಿದ್ದರು ಅಂತ ಅಪ್ಪ ಸುಣ್ಣ ತರೋಕೆ ಪಾಂಡವಪುರದ ಬಸ್ಸು ಹತ್ತಿದ್ದ.

ಬೇಲಿಯ ಆಚೆ ಬೆಟ್ಟಜ್ಜಿ ನಿಂತಿದ್ದಳು. ಒಳಗೆ ಬರಲಿಲ್ಲ.

“ನಿಮ್ಮಪ್ಪ ಇಲ್ವಾ ಮಗಾ? ಸೋರೆಕಾಯಿ ಬಲ್ತು ಓಯ್ತದೆ ಅಂತ ಬಂದೆ. ಅಂಗಾರೆ ಬುಡು, ನಾಳೆ...”

ಹೇಮ ಬ್ಯಾಗನ್ನು ಜಗುಲಿಯ ಮೇಲೆ ಎಸೆದಳು. ಏಣಿಯ ಒಂದು ತುದಿ ಎತ್ತಿ ಹೆಗಲಿಗೆ ಹಾಕಿಕೊಂಡು, “ಗಿರೀಶಾ!” ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು.

ಈ ಸಲ ಹತ್ತಿದವಳು ಹೇಮಾನೇ. ಬೆರಳುದ್ದ ಇದ್ದ ಕಾಯಿ ಈಗ ಮೊಳದುದ್ದ ಆಗಿತ್ತು. ಮೇಲಿನ ಮೆಟ್ಟಿಲಲ್ಲಿ ನಿಂತು ನೋಡಿದರೆ ಊರಿನ ಮಾಡುಗಳೆಲ್ಲ ಕಂಡವು. ಹಳೇ ಕಪ್ಪು ಹೆಂಚಿನ ನಡುವೆ ಅಲ್ಲೊಂದು ಇಲ್ಲೊಂದು ಹೊಸ ಕೆಂಪು ಹೆಂಚು. ಅದು ಸೋಮಯ್ಯ ಮಾವನದು, ಅದು ಡೈರಿ, ಅದು ಮುತ್ತಮ್ಮನ ಮನೆ.

“ಉಷಾರು ಕಣವ್ವ!”

ಹೇಮ ಕೆಳಗೆ ನೋಡಿದಳು. ಏಣಿಯ ಒಂದು ಕಾಲನ್ನು ಗಿರೀಶ ಹಿಡಿದಿದ್ದ. ಇನ್ನೊಂದನ್ನು ಬೆಟ್ಟಜ್ಜಿ ತನ್ನ ಸುಕ್ಕುಗಟ್ಟಿದ ಎರಡೂ ಕೈಯಿಂದ, ಹಲ್ಲಿಲ್ಲದ ಬಾಯಿ ಬಿಗಿದುಕೊಂಡು, ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಏಣಿ ಒಂದಿಷ್ಟೂ ಅಲುಗಲಿಲ್ಲ. ಹೇಮ ಕೈ ಚಾಚಿ ಸೋರೆಕಾಯಿ ಕಿತ್ತಳು.